ಪ್ರಥಮ ಚಿಕಿತ್ಸೆ ಕಲಿಯಲು ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಕಲಬುರಗಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವ ಮಾಸ್ತರ. ಪ್ರಥಮ ಚಿಕಿತ್ಸೆ ಕಲಿತ ಮೇಲೆ, ಬಿಡುವಿದ್ದ ಭಾನುವಾರ ಊರೂರಿನ ತರಬೇತಿಗೆ ಸಹಾಯಕ್ಕೆ ಹೋಗುತ್ತೇನೆ. ತರಬೇತಿ ಮುಗಿದು ಚಹಾ ಬರುವ ಹೊತ್ತಿಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಅವೇ. ಕೆಲವರು ಚೀಟಿ ಬರೆದು ಕೊಡುತ್ತಾರೆ, ಕೆಲವರು ರಾತ್ರಿ ಹತ್ತಕ್ಕೆ ವಾಯ್ಸ್ ಮೆಸೇಜ್ ಹಾಕುತ್ತಾರೆ. ಅವರ ಮಾತು ಅವರದೇ ಧಾಟಿಯಲ್ಲಿ ಇಟ್ಟು, ಉತ್ತರ ಬರೆದಿದ್ದೇನೆ.

## ಶುರು ಮಾಡುವ ಮುಂಚೆ

"108 ಅದ ಅಲ್ರಿ, ಮತ್ತ ನಾವ್ಯಾಕ ಕಲೀಬೇಕು?"

ಕರ್ನಾಟಕಕ್ಕೆ 108 ಆ್ಯಂಬುಲೆನ್ಸ್ ಬಂದದ್ದು 2008ರ ನವೆಂಬರ್ 1ಕ್ಕೆ. ಅದರಿಂದ ಉಳಿದ ಜೀವ ಬಹಳ. ಆದರೆ ಗಾಡಿ ರಸ್ತೆ ಮೇಲೇ ಬರಬೇಕು ಅಲ್ವಾ? ಹೃದಯ ನಿಂತ ನಾಲ್ಕೈದು ನಿಮಿಷಕ್ಕೆ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಅಫಜಲಪುರದ ಹೊಲದಿಂದ ಫೋನ್ ಮಾಡಿ, ಊರು ಹೇಳಿ, ಗುರುತು ಹೇಳಿ ಮುಗಿಸುವಷ್ಟರಲ್ಲೇ ಎರಡು ನಿಮಿಷ ಹೋಗಿರುತ್ತದೆ. ನಡುವಿನ ಆ ಹೊತ್ತಿಗೆ ಪಕ್ಕದಲ್ಲಿ ಇರುವವರೇ ಗತಿ.

ಫೋನ್ ಮಾಡುವುದೂ ಒಂದು ಕಲೆ. ಒಂದೇ ಹೆಸರಿನ ಊರು ನಮ್ಮಲ್ಲಿ ಎರಡು ಮೂರು ಇರುತ್ತವೆ. ಹಾಗಾಗಿ ಮೊದಲು ತಾಲ್ಲೂಕು, ಆಮೇಲೆ ಊರು, ಆಮೇಲೆ ಗುಡಿ, ದರ್ಗಾ, ಸಾಲಿ ಏನಾದರೊಂದು ಗುರುತು ಹೇಳಿ. ಸ್ಪೀಕರ್ ಹಾಕಿಟ್ಟು ಕೈ ಖಾಲಿ ಮಾಡಿಕೊಳ್ಳಿ. ಒಬ್ಬನನ್ನು ಬೈಕ್ ಕೊಟ್ಟು ಅಗಸಿಗೆ ಕಳಿಸಿ, ಗಾಡಿಗೆ ಅವನೇ ದಾರಿ ತೋರಿಸಲಿ.

"ನಾ ಏಳನೇ ತನಕ ಓದೀನ್ರಿ, ನಂಗ ಇದು ಬರ್ತದೇನ್ರಿ?"

ಹೃದಯ ನಿಂತವರ ಎದೆ ಒತ್ತುವುದನ್ನು ಗೊಂಬೆ ಮೇಲೆ ಕಲಿಸುತ್ತೇವೆ. ಒಂದು ತರಬೇತಿಯಲ್ಲಿ ಕಾಲೇಜು ಹುಡುಗರು ಗೊಂಬೆಯ ಎದೆ ಒತ್ತಿ ಒತ್ತಿ ಬೆವರುತ್ತಿದ್ದರು. ಒಬ್ಬನಿಗೂ ಸರಿಯಾದ ಆಳ ಸಿಗಲಿಲ್ಲ. ಹಿಂದೆ ಕೂತಿದ್ದ ಒಬ್ಬ ಅವ್ವ ಸೆರಗು ಬಿಗಿದು ಬಂದು ಮೊಳಕಾಲೂರಿದರು. ಅಂಗೈ ಬುಡ ಎದೆಗೆ ಇಟ್ಟು, ಮೈಭಾರ ಹಾಕಿ ಒತ್ತಿದರು. ಗೊಂಬೆ ಟಕ್ ಅಂತು. ಮತ್ತೆ ಟಕ್. ಮೂವತ್ತಕ್ಕೆ ಮೂವತ್ತೂ ಟಕ್. "ನಲವತ್ತು ವರ್ಷ ಜೋಳದ ಹಿಟ್ಟು ನಾದೀನಪ್ಪ" ಅಂದು ಎದ್ದು ಹೋದರು. ಓದು ಬೇಡ, ಕೈ ಬೇಕು. ಹನ್ನೆರಡು ಹದಿಮೂರು ವರ್ಷದ ಮಕ್ಕಳೂ ಕಲಿಯಬಹುದು.

"ಯೂಟ್ಯೂಬ್ ನೋಡಿ ಕಲಿತ್ರ ನಡೀತದೇನ್ರಿ?"

ನಾನೂ ಹಾಗೇ ಕಲಿತಿದ್ದೆ. ಹತ್ತಾರು ವಿಡಿಯೋ ನೋಡಿದ್ದೆ. ಒಂದು ಮದುವೆಯಲ್ಲಿ ಊಟದ ಪಂಕ್ತಿ ನಡುವೆಯೇ ನಮ್ಮ ಸೋದರಮಾವ ಕುಸಿದರು. ಒಬ್ಬರು ಗಾಳಿ ಹಾಕಿದರು, ಒಬ್ಬರು ನೀರು ಚಿಮುಕಿಸಿದರು, ಒಬ್ಬರು ಅಂಗಾಲು ತಿಕ್ಕಿದರು. ನನಗೆ ಎಲ್ಲ ಗೊತ್ತಿತ್ತು. ಆದರೂ ಕೈಯಲ್ಲಿ ನೀರಿನ ಜಗ್ ಹಿಡಿದು ಸುಮ್ನೆ ನಿಂತಿದ್ದೆ. ಕೈ ಮುಂದೆ ಹೋಗಲೇ ಇಲ್ಲ. ಮಾವ ಉಳಿಯಲಿಲ್ಲ. ಒತ್ತಿದ್ದರೂ ಉಳಿಯುತ್ತಿರಲಿಲ್ಲವೇನೋ. ಆದರೆ ಆ ಜಗ್ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ವಿಡಿಯೋ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಒಮ್ಮೆಯಾದರೂ ಗೊಂಬೆ ಮೇಲೆ ಒತ್ತಿ. ಈಜು ನೋಡಿ ಕಲಿತವರು ಯಾರಿದ್ದಾರೆ?

"ಎಲ್ಲಿ ಕಲಿಸ್ತಾರ್ರಿ?"

ಭಾರತೀಯ ರೆಡ್‌ಕ್ರಾಸ್ ಮತ್ತು ಸೇಂಟ್ ಜಾನ್ ಆ್ಯಂಬುಲೆನ್ಸ್ ಬಹಳ ಹಿಂದಿನಿಂದಲೂ ಪ್ರಥಮ ಚಿಕಿತ್ಸೆ ಕಲಿಸಿ ಸರ್ಟಿಫಿಕೇಟ್ ಕೊಡುತ್ತಿವೆ. ಜಿಲ್ಲಾ ರೆಡ್‌ಕ್ರಾಸ್ ಶಾಖೆಯಲ್ಲಿ ಮುಂದಿನ ಬ್ಯಾಚ್ ಯಾವಾಗ, ಫೀಸ್ ಎಷ್ಟು ಅಂತ ವಿಚಾರಿಸಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ಮೆಡಿಕಲ್ ಕಾಲೇಜು. ಅಲ್ಲಿ ಅರಿವಳಿಕೆ ವಿಭಾಗ ಇಲ್ಲವೇ ತುರ್ತು ವಿಭಾಗದವರನ್ನು ಕೇಳಿದರೆ ದಾರಿ ಸಿಗುತ್ತದೆ. ಮಕ್ಕಳು ಎನ್‌ಸಿಸಿ, ಸ್ಕೌಟ್ಸ್ ಸೇರಿದ್ದರೆ ಅಲ್ಲೇ ಒಂದಿಷ್ಟು ಬರುತ್ತದೆ.

ಕಂಡಕ್ಟರ್ ಲೈಸೆನ್ಸ್‌ಗೆ ಈ ಸರ್ಟಿಫಿಕೇಟ್ ಕೇಳುತ್ತಾರೆ. ಸೇಡಂ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿಯುವವರು ಇನ್ನೊಂದು ತಿಳಿದಿರಲಿ. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವ ತನಕ ಇದ್ದ 1948ರ ಕಾರ್ಖಾನೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ 150 ಕಾರ್ಮಿಕರಿಗೆ ಒಂದಾದರೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕಿತ್ತು, ಅದಕ್ಕೆ ತರಬೇತಿ ಪಡೆದ ಒಬ್ಬರು ಜವಾಬ್ದಾರಿ ಇರಬೇಕಿತ್ತು. "ನನಗೆ ಕಲಿಸಿ" ಅಂತ ನೀವೇ ಕೈ ಎತ್ತಬಹುದು.

"ಮನ್ಯಾಗ ಡಬ್ಬಿ ಇಟ್ರ ಏನೇನ ಇಡ್ಬೇಕ್ರಿ?"

ಬ್ಯಾಂಡೇಜ್ ಬಟ್ಟೆ, ಗಾಜ್, ಅಂಟುಪಟ್ಟಿ, ಕತ್ತರಿ, ಗ್ಲೌಸ್, ಒಆರ್‌ಎಸ್ ಪೊಟ್ಟಣ, ಟಾರ್ಚ್. ಇಷ್ಟು ಸಾಕು. ಒಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚ, ಸಪಾಟಾಗಿ. ಉಪ್ಪು ಜಾಸ್ತಿ ಆದರೆ ಮಗುವಿಗೆ ಅಪಾಯ.

## ಮನೆಯಲ್ಲಿ, ಓಣಿಯಲ್ಲಿ

"ಫಿಟ್ಸ್ ಬಂದಾಗ ಕೈಯಾಗ ಕೀಲಿ ಕೊಟ್ರ ನಿಲ್ತದ ಅಲ್ರಿ?"

ನಿಲ್ಲುತ್ತದೆ. ಕೀಲಿ ಕೊಡದಿದ್ದರೂ ನಿಲ್ಲುತ್ತದೆ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷಕ್ಕೆ ತಾನಾಗಿ ನಿಲ್ಲುವಂಥದ್ದು. ನಾವು ಕೀಲಿ ಹುಡುಕಿ ತಂದು ಕೈಗೆ ತುರುಕುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತದೆ, ಹೆಸರು ಕೀಲಿಗೆ ಬರುತ್ತದೆ. ಮೂಗಿಗೆ ಹಿಡಿಯುವ ಉಳ್ಳಾಗಡ್ಡಿ, ಚಪ್ಪಲಿಯದೂ ಇದೇ ಕಥೆ.

ಸುತ್ತಲಿನ ಕಲ್ಲು, ಕುರ್ಚಿ ಸರಿಸಿ. ತಲೆ ಕೆಳಗೆ ಟವೆಲ್ ಇಡಿ. ಕೈಕಾಲು ಅದುಮಿ ಹಿಡಿಯಬೇಡಿ, ಬಾಯಿಗೆ ಚಮಚ ಬೇಡ, ನೀರು ಬೇಡ. ಜಗ್ಗಾಟ ನಿಂತ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹೋಗಲಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಎಚ್ಚರ ಆಗದೆ ಮತ್ತೆ ಬಂದರೆ, ಬಸುರಿಗೆ ಬಂದರೆ, ಇಲ್ಲವೇ ಇದೇ ಮೊದಲ ಸಲ ಬಂದದ್ದಾದರೆ 108.

"ಸುಟ್ಟಲ್ಲಿ ಪೇಸ್ಟ್ ಹಚ್ಚಬಾರದೇನ್ರಿ?"

ಬೇಡ. ಪೇಸ್ಟ್, ಶಾಯಿ, ಹಿಟ್ಟು, ಐಸ್ ಯಾವುದೂ ಬೇಡ. ನಲ್ಲಿ ಕೆಳಗೆ 20 ನಿಮಿಷ ತಣ್ಣೀರು. ನಲ್ಲಿ ಬರದ ದಿನ ಕೊಡದಿಂದ ಚೊಂಬಿನಲ್ಲಿ ಸುರಿಯುತ್ತಾ ಇರಿ. ಬಳೆ, ಉಂಗುರ ಊತ ಬರುವ ಮುಂಚೆ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆ ಎಳೆಯಬೇಡಿ. ಆಮೇಲೆ ತೊಳೆದ ಹತ್ತಿ ಬಟ್ಟೆ ಸಡಿಲಾಗಿ ಮುಚ್ಚಿ ಆಸ್ಪತ್ರೆಗೆ.

"ಮಗು ಶೇಂಗಾ ನುಂಗಿ ಉಸುರು ಕಟ್ಟಿದ್ರ ಬೆರಳು ಹಾಕಿ ತೆಗೀಬೇಕೇನ್ರಿ?"

ಕಣ್ಣಿಗೆ ಕಾಣದೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿ ಬರದಿದ್ದರೆ ಮುಂದಕ್ಕೆ ಬಾಗಿಸಿ, ಬೆನ್ನಿನ ಎರಡು ರೆಕ್ಕೆ ನಡುವೆ ಅಂಗೈ ಬುಡದಿಂದ ಐದು ಗುದ್ದು. ಹೋಗಲಿಲ್ಲವೋ, ಹಿಂದೆ ನಿಂತು ಹೊಕ್ಕುಳಕ್ಕಿಂತ ತುಸು ಮೇಲೆ ಮುಷ್ಟಿ ಇಟ್ಟು ಒಳಕ್ಕೆ ಮೇಲಕ್ಕೆ ಐದು ಸಲ ಎಳೆಯಿರಿ. ಹೊರಬರುವ ತನಕ ಒಂದರ ಮೇಲೊಂದು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಲೇಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ ತಲೆ ತಗ್ಗಿಸಿ ಬೆನ್ನಿಗೆ ಐದು, ತಿರುಗಿಸಿ ಎದೆ ನಡುವೆ ಐದು ಒತ್ತು. ಬಸುರಿಗೂ ಹೊಟ್ಟೆ ಬದಲು ಎದೆ. ಯಾರೇ ಆಗಲಿ, ಎಚ್ಚರ ತಪ್ಪಿದರೆ ನೆಲಕ್ಕೆ ಮಲಗಿಸಿ ಸಿಪಿಆರ್, ಅಂದರೆ ಎದೆ ಒತ್ತುವುದು, ಶುರು ಮಾಡಿ. ಅದು ಹೇಗೆ ಅಂತ ಕೊನೆಯಲ್ಲಿ ಹೇಳಿದ್ದೇನೆ.

"ಎದಿ ನೋವು ಅಂದ್ರ ಗ್ಯಾಸ್ ಇರ್ತದ ಅಲ್ರಿ, ಸೋಡಾ ಕೊಟ್ರ ಸಾಕಲ್ಲ?"

ನಮ್ಮ ಸೀಮೆಯಲ್ಲಿ ಹಾರ್ಟ್ ಅಟ್ಯಾಕ್‌ನ ಇನ್ನೊಂದು ಹೆಸರೇ ಗ್ಯಾಸ್. ಸೋಡಾ, ಜೀರಿಗೆ, ಆಮೇಲೆ ಅಂಗಡಿಯ ಗುಳಿಗೆ. ಅಷ್ಟರಲ್ಲಿ ಎರಡು ತಾಸು ಹೋಗಿರುತ್ತದೆ. ಎದೆ ನಡುವೆ ಭಾರ, ಎಡಗೈಗೆ ಇಲ್ಲವೇ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು, ಉಸಿರಾಟದ ತೊಂದರೆ ಇದ್ದರೆ ಗ್ಯಾಸ್ ಅಂತ ನೀವು ತೀರ್ಮಾನ ಮಾಡಬೇಡಿ. ಇಸಿಜಿ ಮಾಡಲಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು.

ಕೂರಿಸಿ, ನಡೆಸಬೇಡಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆ ಹುಣ್ಣು, ರಕ್ತಸ್ರಾವದ ತೊಂದರೆ ಇಲ್ಲದವರಿಗೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಲು ಕೊಡಬಹುದು. 108ರವರನ್ನು ಕೇಳಿಯೇ ಕೊಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದಲ್ಲಿರುವ ಹೃದಯ ತಜ್ಞರಿಗೆ ತೋರಿಸಿ, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುವ ವ್ಯವಸ್ಥೆ ಇದೆ. ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆಯೂ ಇದೆ.

"ಲಕ್ವಾ ಹೊಡದ್ರ ಔಷಧ ಕೊಡೋ ಊರಿಗೆ ಮೊದ್ಲು ಒಯ್ಯಬೇಕೋ, ದವಾಖಾನಿಗೋ?"

ದವಾಖಾನೆಗೆ. ಗಡ್ಡೆ ಕರಗಿಸುವ ಔಷಧಿ ಲಕ್ವಾ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದಕ್ಕೂ ಮುಂಚೆ ತಲೆಯ ಸ್ಕ್ಯಾನ್ ಆಗಬೇಕು. ನಗಿಸಿ ನೋಡಿ, ಬಾಯಿ ಸೊಟ್ಟ ಇದೆಯಾ? ಎರಡೂ ಕೈ ಎತ್ತಿಸಿ, ಒಂದು ಬೀಳುತ್ತದಾ? ಹೆಸರು ಹೇಳಿಸಿ, ಮಾತು ತೊದಲುತ್ತದಾ? ಒಂದು ಇದ್ದರೂ ಹೊರಡಿ. ಎಷ್ಟು ಗಂಟೆಗೆ ಶುರುವಾಯಿತು ಅನ್ನುವುದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

## ಹೊಲ, ಬಿಸಿಲು, ನೀರು

"ಹಾವು ಕಡದ್ರ ಮ್ಯಾಲ ಬಿಗಿದು ಕಟ್ಟಬೇಕು ಅಂತ ನಮ್ಮ ಮುತ್ಯಾ ಹೇಳ್ತಿದ್ದ. ಈಗ್ಯಾಕ ಬ್ಯಾಡ ಅಂತೀರಿ?"

ಮುತ್ಯಾನ ಕಾಲದಲ್ಲಿ ಪುಸ್ತಕದಲ್ಲೂ ಹಾಗೇ ಇತ್ತು. ಬಿಗಿದು ಕಟ್ಟಿದರೆ ರಕ್ತ ಹರಿಯದೆ ಕಾಲೇ ಕೊಳೆಯಬಹುದು. ಆಸ್ಪತ್ರೆಯಲ್ಲಿ ಬಿಚ್ಚಿದಾಗ ತಡೆದಿದ್ದ ವಿಷ ಒಮ್ಮೆಲೇ ಮೈಗೆ ಏರಬಹುದು. ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಇನ್ನೂ ಕೆಟ್ಟದ್ದು. ಕೊಳಕುಮಂಡಲ ಕಚ್ಚಿದವರಿಗೆ ರಕ್ತ ಹೆಪ್ಪುಗಟ್ಟುವುದೇ ನಿಂತಿರುತ್ತದೆ. ಅಂಥವರಿಗೆ ಕೊಯ್ದರೆ ರಕ್ತ ನಿಲ್ಲುವುದಿಲ್ಲ.

ಮಾಡಬೇಕಾದ್ದು ಇಷ್ಟೇ. ಅಲ್ಲಾಡದಂತೆ ಮಲಗಿಸಿ, ಧೈರ್ಯ ಹೇಳಿ. ಉಂಗುರ, ಕಾಲುಂಗುರ, ಬಳೆ, ಚಪ್ಪಲಿ ತೆಗೆಯಿರಿ. ಕಚ್ಚಿದ ಕೈಕಾಲಿಗೆ ಮುರಿದ ಮೂಳೆಗೆ ಕಟ್ಟುವಂತೆ ಕೋಲು ಕೊಟ್ಟು ಸಡಿಲಾಗಿ ಕಟ್ಟಿ. ನಡೆಸಬೇಡಿ, ಹೊತ್ತುಕೊಂಡು ಹೋಗಿ. ಗಾಡಿ ಸಿಗದಿದ್ದರೆ ಬೈಕ್ ಮೇಲೆ ಇಬ್ಬರ ನಡುವೆ ಕೂರಿಸಿ. ಹಾವು ಹೊಡೆದು ತರುವುದು ಬೇಡ, ಅದರ ಹಿಂದೆ ಹೋಗಿ ಇನ್ನೊಬ್ಬ ಕಚ್ಚಿಸಿಕೊಂಡ ಉದಾಹರಣೆ ಇದೆ. ಹೊರಡುವಾಗಲೇ ಫೋನ್ ಮಾಡಿ ಆ ಆಸ್ಪತ್ರೆಯಲ್ಲಿ ಎಎಸ್‌ವಿ (ಹಾವಿನ ವಿಷ ಇಳಿಸುವ ಇಂಜೆಕ್ಷನ್) ಇದೆಯಾ ಕೇಳಿಕೊಳ್ಳಿ. ವಿಷಕ್ಕೆ ಔಷಧಿ ಅದೊಂದೇ.

ಬೇವಿನ ಎಲೆ ತಿನ್ನಿಸಿ, ಕಹಿ ಗೊತ್ತಾದರೆ ವಿಷ ಏರಿಲ್ಲ ಅನ್ನುವ ಪರೀಕ್ಷೆ ನಂಬಬೇಡಿ. ಮಂತ್ರದಿಂದ ಉಳಿದವರು ನಿಮ್ಮೂರಲ್ಲೂ ಇರುತ್ತಾರೆ, ನಮ್ಮೂರಲ್ಲೂ ಇದ್ದಾರೆ. ಕಚ್ಚುವ ಬಹಳ ಹಾವಿಗೆ ವಿಷವೇ ಇಲ್ಲ. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಮಂತ್ರ ಗೆದ್ದದ್ದು ಅಲ್ಲಿ. ಬೇಕಿದ್ದರೆ ಆಸ್ಪತ್ರೆಯಿಂದ ಬಂದ ಮೇಲೆ ಗುಡಿಗೆ ಹೋಗಿ, ಯಾರೂ ಬೇಡ ಅನ್ನುವುದಿಲ್ಲ.

ಕಟ್ಟುಹಾವಿನದು ಬೇರೆಯೇ ಲೆಕ್ಕ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ರೆಪ್ಪೆ ಜೋತು ಬೀಳುತ್ತದೆ, ನುಂಗಲು ಆಗುವುದಿಲ್ಲ. ಅಂಥವರನ್ನು ಕಾಯಿಸಬೇಡಿ. ಮಲಗುವಾಗ ಮಂಚ, ಇಲ್ಲವೇ ಹಾಸಿಗೆ ಕೆಳಗೆ ಅಂಚು ಸೇರಿಸಿದ ಸೊಳ್ಳೆ ಪರದೆ ಇದ್ದರೆ ಈ ಭಯ ಮುಕ್ಕಾಲು ಕಡಿಮೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

"ಚೇಳು ಕಡದ್ರೂ ಇಷ್ಟ ಓಡ್ಬೇಕೇನ್ರಿ?"

ಬರೀ ಉರಿ ನೋವು ಇದ್ದರೆ ತಣ್ಣೀರು ಬಟ್ಟೆ ಇಟ್ಟು ಗಮನಿಸಿ. ಮೈಯೆಲ್ಲ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ಉಸಿರಾಟದ ತೊಂದರೆ ಕಂಡರೆ ಓಡಿ. ಕೆಂಪು ಚೇಳಿನ ವಿಷ ಹೃದಯಕ್ಕೆ ಹೊಡೆಯುತ್ತದೆ. ಪ್ರಾಜೋಸಿನ್ ಗುಳಿಗೆಯಿಂದ ಇದರ ಸಾವು ತಡೆಯಬಹುದು ಅಂತ ತೋರಿಸಿದವರು ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್. ಅದನ್ನು ಡಾಕ್ಟರೇ ಕೊಡಬೇಕು. ಕೂಸುಗಳಿಗೆ ಕಡಿದರೆ ಗಮನಿಸುತ್ತಾ ಕೂಡಬೇಡಿ, ನೇರ ಆಸ್ಪತ್ರೆ. ಫರ್ಸಿ ಕಲ್ಲು ಎತ್ತುವಾಗ ಕೈ ಮೊದಲು ಹಾಕಬೇಡಿ, ಹಾರೆ ಹಾಕಿ.

"ತೊಗರಿಗೆ ಎಣ್ಣಿ ಹೊಡೆಯುವಾಗ ತಲಿ ತಿರುಗಿ ಬಿದ್ರ? ಯಾರಾದ್ರೂ ಎಣ್ಣಿ ಕುಡದ್ರ?"

ಎಣ್ಣಿ ಅಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕ. ಎರಡೂ ಒಟ್ಟಿಗೆ ಹೇಳುತ್ತೇನೆ. ಜೊಲ್ಲು, ಬೆವರು, ನಡುಕ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ, ಇವು ಗುರುತು. ಹೊಲದಿಂದ ಗಾಳಿ ಇರುವ ಕಡೆ ತನ್ನಿ. ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ, ಕೂದಲು ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಕುಡಿದವರಿಗೆ ಉಪ್ಪು ನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಎರಡು ಸಾವು ಒಂದೇ ಸಲ ಬಂದಂತೆ. ಮಗ್ಗುಲಿಗೆ ಮಲಗಿಸಿ ಒಯ್ಯಿರಿ, ಡಬ್ಬಿ ಜೊತೆಗಿರಲಿ, ಡಾಕ್ಟರಿಗೆ ಲೇಬಲ್ ಬೇಕು. ಉಸಿರು ನಿಂತರೆ ಎದೆ ಒತ್ತಿ, ಬಾಯಿಗೆ ಬಾಯಿ ಇಡಬೇಡಿ. ಇನ್ನೊಂದು ಮಾತು. ಕುಡಿದವರನ್ನು ಆ ಹೊತ್ತಿಗೆ ಬೈಯಬೇಡಿ.

"ಬಿಸಿಲು ಬಡದವ್ರಿಗೆ ಏನ್ ಕುಡಿಸಬೇಕ್ರಿ?"

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸೇ ಬೆಳಿಗ್ಗೆ ಎಂಟಕ್ಕೆ ತೆಗೆದು ಮಧ್ಯಾಹ್ನ ಮುಚ್ಚುತ್ತದೆ. ಉದ್ಯೋಗ ಖಾತ್ರಿ ಕೆಲಸದವರಿಗೆ, ಕಲ್ಲು ಗಣಿಯವರಿಗೆ ಆ ಅನುಕೂಲ ಎಲ್ಲಿಂದ ಬರಬೇಕು? ಎಚ್ಚರ ಇದ್ದು, ಬರೀ ಸುಸ್ತು, ಸೆಳೆತ ಇದ್ದರೆ ನೆರಳು, ಒಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ. ಆದರೆ ಮೈ ಕೆಂಡದಂತಾಗಿ ತೊದಲುತ್ತಿದ್ದರೆ, ಇದ್ದದ್ದು ಇಲ್ಲದ್ದು ಮಾತಾಡುತ್ತಿದ್ದರೆ ಕುಡಿಸುವ ಹೊತ್ತು ದಾಟಿದೆ. ಕೊಡದ ನೀರು ತಲೆಯಿಂದ ಕಾಲಿನ ತನಕ ಸುರಿಯಿರಿ, ಒದ್ದೆ ದುಪ್ಪಟಿ ಹೊದಿಸಿ, ಗಾಳಿ ಬೀಸಿ. ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ಗಾಡಿಯಲ್ಲೂ ನೀರು ಹಾಕುತ್ತಲೇ ಇರಿ. ಬೆವರು ಬರುತ್ತಿದೆ, ಏನೂ ಆಗಿಲ್ಲ ಅಂದುಕೊಳ್ಳಬೇಡಿ. ದುಡಿಯುತ್ತಾ ಬಿದ್ದವರಿಗೆ ಬೆವರು ಇರಬಹುದು.

"ನೀರಾಗ ಮುಳುಗಿದವ್ರ ಹೊಟ್ಟಿ ಒತ್ತಿ ನೀರು ತೆಗೀಬೇಕಲ್ರಿ?"

ಬೇಡ. ಕಾಲು ಹಿಡಿದು ಗಿರಗಿರ ತಿರುಗಿಸುವುದಂತೂ ಬೇಡವೇ ಬೇಡ. ಮುಳುಗಿದವರಿಗೆ ಕೊರತೆ ಗಾಳಿಯದು. ಉಸಿರು ಇಲ್ಲದಿದ್ದರೆ ಗದ್ದ ಎತ್ತಿ, ಮೂಗು ಮುಚ್ಚಿ, ಮೊದಲು ಬಾಯಿಗೆ ಬಾಯಿ ಇಟ್ಟು ಗಾಳಿ ಕೊಡಿ. ಆಮೇಲೆ 30 ಒತ್ತು, 2 ಉಸಿರು.

ಗಾಣಗಾಪುರದ ಸಂಗಮದಲ್ಲಿ, ಶಹಾಬಾದ್ ಕಡೆಯ ನೀರು ತುಂಬಿದ ಹಳೇ ಗಣಿಗಳಲ್ಲಿ ಒಬ್ಬನನ್ನು ತೆಗೆಯಲು ಹೋಗಿ ಇನ್ನಿಬ್ಬರು ಮುಳುಗುವ ಭಯ ಇದ್ದೇ ಇರುತ್ತದೆ. ಈಜು ಬಂದರೂ ಹಾರಬೇಡಿ. ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕೊಡ ಎಸೆಯಿರಿ, ಸೀರೆ ಎಸೆಯಿರಿ, ಉದ್ದ ಕೋಲು ಚಾಚಿ. ಚಾಚುವವರು ಬೋರಲು ಮಲಗಿ, ಹಿಂದೆ ಒಬ್ಬರು ಕಾಲು ಹಿಡಿಯಲಿ.

## ರಸ್ತೆ ಮೇಲೆ

"ಆಕ್ಸಿಡೆಂಟ್ ಆದವ್ರನ್ನ ಮುಟ್ಟಿದ್ರ ಕೇಸ್ ನಮ್ಮ ಮ್ಯಾಲ ಬೀಳ್ತದ ಅಲ್ರಿ?"

ಕಾನೂನು ನಿಮ್ಮ ಕಡೆ ಇದೆ. 2016ರಲ್ಲಿ ಸುಪ್ರೀಂ ಕೋರ್ಟ್ ಸಹಾಯ ಮಾಡಿದವರ ರಕ್ಷಣೆಯ ನಿಯಮಗಳಿಗೆ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಬಂತು. ಕರ್ನಾಟಕಕ್ಕೆ ತನ್ನದೇ ಕಾಯ್ದೆಯೂ ಇದೆ. ಹೆಸರು, ವಿಳಾಸ ಹೇಳು ಅಂತ ಬಲವಂತ ಮಾಡುವಂತಿಲ್ಲ. ಆಸ್ಪತ್ರೆಯವರು ನಿಮ್ಮಿಂದ ರೊಕ್ಕ ಕೇಳುವಂತಿಲ್ಲ. ಗಂಭೀರ ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿ ಜೀವ ಉಳಿಸಿದವರಿಗೆ ಕೇಂದ್ರದ ರಾಹ್‌ವೀರ್ ಯೋಜನೆಯಲ್ಲಿ 25,000 ರೂಪಾಯಿ ಬಹುಮಾನವೂ ಇದೆ. ಗಾಯಾಳುವಿಗೆ 2025ರಿಂದ ಏಳು ದಿನದ ತನಕ ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ ಇದೆ.

ಆದರೂ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ನನ್ನನ್ನು ಎರಡು ತಾಸು ಕೂರಿಸಿದ್ದರು. "134ಎ ಗೊತ್ತಲ್ರಿ?" ಅಂದಾಗ ಬಿಟ್ಟರು. ಆ ನಂಬರ್ ನೆನಪಿರಲಿ.

"ರಕ್ತ ಧಾರಾಕಾರ ಹರೀತಿದ್ರ ಕಟ್ಟಬೇಕೋ ಒತ್ತಬೇಕೋ?"

ಮೊದಲು ಒತ್ತಬೇಕು. ಶುದ್ಧ ಬಟ್ಟೆ ಇಟ್ಟು ಎರಡೂ ಕೈಯಿಂದ ಬಲವಾಗಿ ಹತ್ತು ನಿಮಿಷ. ನಡುನಡುವೆ ಎತ್ತಿ ಇಣುಕಬೇಡಿ. ಬಟ್ಟೆ ತೊಯ್ದರೆ ಮೇಲೊಂದು ಇಡಿ. ಕಲ್ಲು ಕೊಯ್ಯುವ ಮಷಿನ್‌ಗೆ ಸಿಕ್ಕ ಕೈಯಂತೆ ಒತ್ತಿದರೂ ನಿಲ್ಲದ ರಕ್ತ ಇದ್ದರೆ ಮಾತ್ರ ಗಾಯದ ಮೇಲ್ಭಾಗದಲ್ಲಿ, ಕೀಲು ಬಿಟ್ಟು, ನಾಲ್ಕು ಬೆರಳು ಅಗಲದ ಬಟ್ಟೆ ಕಟ್ಟಿ, ಕೋಲು ಸಿಕ್ಕಿಸಿ ರಕ್ತ ನಿಲ್ಲುವ ತನಕ ತಿರುಗಿಸಿ. ಕಟ್ಟಿದ ಟೈಮ್ ಬರೆದಿಡಿ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸ್ ಮೇಲೆ ಇಡಿ. ನೇರ ಐಸ್‌ಗೆ ಹಾಕಿದರೆ ಬೆರಳು ಕೆಡುತ್ತದೆ.

## ಎದೆ ಒತ್ತುವುದು

"ಗೊರ್ ಗೊರ್ ಅಂತಿದ್ರ ಉಸುರು ಅದ ಅಂತಲ್ರಿ?"

ಅಲ್ಲ. ಬಹಳ ಜನ ಎಡವುವುದು ಇಲ್ಲೇ. ಹೃದಯ ನಿಂತ ಮೇಲೂ ಕೆಲವು ನಿಮಿಷ ಮೀನು ಬಾಯಿ ತೆರೆದಂತೆ ಒಂದೊಂದು ಗೊರಕೆ ಬರಬಹುದು. ಭುಜ ತಟ್ಟಿ ಕೂಗಿ. ಉತ್ತರ ಇಲ್ಲ, ಉಸಿರು ಸರಿ ಇಲ್ಲ ಅಂದರೆ ಶುರು ಮಾಡಿ. ನಾಡಿ ಹುಡುಕುತ್ತಾ ಕೂಡಬೇಡಿ. ಎದೆ ನಡುವಿನ ಎಲುಬಿನ ಕೆಳ ಅರ್ಧಕ್ಕೆ ಅಂಗೈ ಬುಡ, ಮೊಣಕೈ ಮಡಚದೆ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಿ. ತರಬೇತಿ ಇಲ್ಲದವರು ದೊಡ್ಡವರಿಗೆ ಬರೀ ಒತ್ತಿದರೂ ಸಾಕು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಕಲಿಸುವ ಕೋಲ್ಸ್ ಪದ್ಧತಿಯೂ ಅದೇ. ಮಂಚದ ಮೇಲೆ ಬೇಡ, ನೆಲಕ್ಕೆ ಇಳಿಸಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಲಿ.

"ಪಕ್ಕೆಲುಬು ಮುರದ್ರ?"

ಮುರಿಯಬಹುದು, ವಯಸ್ಸಾದವರಲ್ಲಿ ಜಾಸ್ತಿ. ಕೈಗೆ ಗೊತ್ತೂ ಆಗುತ್ತದೆ. ನಿಲ್ಲಿಸಬೇಡಿ. ಎಲುಬು ಕೂಡುತ್ತದೆ.

"ಹೆಣ್ಣುಮಕ್ಕಳ ಎದಿ ಮ್ಯಾಲ ಕೈ ಇಡೋದು ಹ್ಯಾಂಗ್ರಿ?"

ಈ ಪ್ರಶ್ನೆ ಯಾವಾಗಲೂ ಚೀಟಿಯಲ್ಲೇ ಬರುತ್ತದೆ, ಹೆಸರಿಲ್ಲದೆ. ಹೊರದೇಶಗಳಲ್ಲೂ ಸಾರ್ವಜನಿಕ ಜಾಗದಲ್ಲಿ ಬಿದ್ದ ಹೆಂಗಸರಿಗೆ ಸಿಪಿಆರ್ ಸಿಗುವುದು ಕಡಿಮೆ ಅಂತ ಅಧ್ಯಯನಗಳು ಹೇಳಿವೆ. ಹಾಗಾಗಿ ಸಂಕೋಚ ನಮ್ಮೊಬ್ಬರದಲ್ಲ. ಕೈ ಇಡುವುದು ನಡುವಿನ ಎಲುಬಿನ ಮೇಲೆ. ಬರೀ ಒತ್ತಲು ಕುಪ್ಪಸ ಬಿಚ್ಚಬೇಕಿಲ್ಲ. "ಅಕ್ಕಾರೆ, ಸೀರೆ ಅಡ್ಡ ಹಿಡೀರಿ" ಅಂತ ಕೂಗಿ, ನಾಲ್ಕು ಜನ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಒತ್ತುವುದು ಮಾತ್ರ ತಡ ಮಾಡಬೇಡಿ. ಇದಕ್ಕೇ ನಾನು ಪ್ರತಿ ಊರಲ್ಲಿ ಆಶಾ ಕಾರ್ಯಕರ್ತೆಯರನ್ನು, ಸ್ವಸಹಾಯ ಸಂಘದವರನ್ನು ಮುಂದಿನ ಸಾಲಿಗೆ ಕೂರಿಸುತ್ತೇನೆ.

"ಎಇಡಿ ಮಷಿನ್ ಹಚ್ಚಿದ್ರ ನಮಗ ಶಾಕ್ ಹೊಡೀತದೇನ್ರಿ?"

ಎಇಡಿ ಅಂದರೆ ಹೃದಯದ ಬಡಿತ ಸರಿ ಮಾಡಲು ಎದೆಗೆ ಶಾಕ್ ಕೊಡುವ ಮಷಿನ್. ರೋಗಿಯನ್ನು ಯಾರೂ ಮುಟ್ಟದಿದ್ದರೆ ನಮಗೆ ಹೊಡೆಯುವುದಿಲ್ಲ. ಆನ್ ಮಾಡಿದರೆ ಅದೇ ಮಾತಾಡುತ್ತದೆ. ಶಾಕ್ ಬೇಡದ ಹೃದಯಕ್ಕೆ ಅದು ಶಾಕ್ ಕೊಡುವುದೇ ಇಲ್ಲ. ನೀರಿನಿಂದ ತೆಗೆದವರಾದರೆ ಎದೆ ಒರೆಸಿ ಹಚ್ಚಿ.

"ಸರ್, ನಾ ಒತ್ತಿದೆ. ಆದ್ರೂ ಉಳೀಲಿಲ್ಲ."

ಇದು ಪ್ರಶ್ನೆ ಅಲ್ಲ, ಆದರೂ ಬರುತ್ತದೆ. ಒಬ್ಬ ಹುಡುಗ ಹೇಳಿ ತಲೆ ತಗ್ಗಿಸಿ ನಿಂತಿದ್ದ. ಆಸ್ಪತ್ರೆ ಹೊರಗೆ ಹೃದಯ ನಿಂತವರಲ್ಲಿ ಉಳಿಯುವವರೇ ಕಡಿಮೆ. ಒತ್ತದೆ ಹೋದರೆ ನಿಮಿಷಕ್ಕೆ ನೂರರಲ್ಲಿ ಏಳರಿಂದ ಹತ್ತು ಪಾಲು ಅವಕಾಶ ಕಳಚುತ್ತಾ ಹೋಗುತ್ತದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀರಿನ ಜಗ್ಗಿನ ಕಥೆ ಹೇಳಿದೆ. ಇಬ್ಬರೂ ಚಹಾ ಕುಡಿದೆವು. ನಿದ್ದೆ ಬರದಿದ್ದರೆ, ಅದೇ ಕಣ್ಣಿಗೆ ಕಟ್ಟುತ್ತಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಪುಕ್ಕಟೆ.

"ಕಲಿತದ್ದು ಮರೆತು ಹೋಗ್ತದ. ನಮ್ಮೂರಾಗ ಮತ್ತೊಮ್ಮೆ ಮಾಡಿಸ್ಬೇಕಂದ್ರ?"

ಆರು ತಿಂಗಳಿಗೆ ಕೈ ಮರೆಯುತ್ತದೆ, ನನಗೂ. ನಡುವೆ ಗಟ್ಟಿ ದಿಂಬಿನ ಮೇಲೆ ಎರಡು ನಿಮಿಷ ಎಣಿಸುತ್ತಾ ಒತ್ತಿ. ತರಬೇತಿ ಮಾಡಿಸಲು ಗ್ರಾಮ ಪಂಚಾಯಿತಿ ಇಲ್ಲವೇ ಸಾಲಿಯಿಂದ ಒಂದು ಪತ್ರ ಕೊಡಿಸಿ. ಒಂದು ಗೊಂಬೆಗೆ ಎಂಟು ಹತ್ತು ಜನಕ್ಕಿಂತ ಜಾಸ್ತಿ ಬೇಡ, ಇಲ್ಲದಿದ್ದರೆ ಅದು ಭಾಷಣ ಆಗುತ್ತದೆ. ತೊಗರಿ ರಾಶಿಯ ದಿನ ಇಡಬೇಡಿ, ಯಾರೂ ಬರುವುದಿಲ್ಲ. ಬೇಸಿಗೆಯಾದರೆ ಬೆಳಿಗ್ಗೆ ಏಳಕ್ಕೆ. ಮತ್ತೆ ದಪ್ಪ ಜಮಖಾನೆ ಒಂದು ತಂದಿಡಿ, ಫರ್ಸಿ ಮೇಲೆ ಮೊಳಕಾಲು ಬಹಳ ನೋಯುತ್ತದೆ.